ಪಂಚಾಯ್ತಿ ವಹಿಯಲ್ಲಿ ಅಣಬೆ ಎಲ್ಲಿದೆ?

ನಿಮ್ಮ ಗ್ರಾಮ ಪಂಚಾಯ್ತಿ ಕಚೇರಿಯ ಕಪಾಟಿನಲ್ಲಿ ಒಂದು ವಹಿ ಇರಬೇಕು. ಹೆಸರು ‘ಜನತಾ ಜೀವವೈವಿಧ್ಯ ದಾಖಲಾತಿ’. ನಿಮ್ಮೂರಿನ ಕಾಡು, ಹಳ್ಳ, ಗದ್ದೆ, ಬೇಣಗಳಲ್ಲಿ ಏನೇನು ಬೆಳೆಯುತ್ತದೆ, ಏನೇನು ಬದುಕಿದೆ, ಅದನ್ನು ಊರವರು ಹೇಗೆ ಬಳಸುತ್ತಾರೆ ಎಂಬುದೆಲ್ಲ ಅದರಲ್ಲಿರಬೇಕು. ಊರವರನ್ನು ಕೇಳಿಯೇ ಬರೆಯಬೇಕು ಎಂಬುದು ಕಾನೂನು. ಹೆಸರಲ್ಲೇ ‘ಜನತಾ’ ಇದೆಯಲ್ಲ. ನೀವು ಅದನ್ನು ನೋಡಿದ್ದೀರಾ?

ಮಲೆನಾಡಿನ ಒಂದು ಪಂಚಾಯ್ತಿಯ ವಹಿಯನ್ನು ನಾನು ಕೂತು ಓದಿದೆ. ಊರಿನ ಹೆಸರು ಬೇಡ, ಅದೊಂದೇ ಊರಿನ ಕತೆ ಅಲ್ಲ. ಸುತ್ತ ದಟ್ಟ ಕಾನು, ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಒಣಗದ ಊರು. ವಹಿಯಲ್ಲಿ ತೆಂಗು, ಅಡಿಕೆ, ಮಾವು, ಹಲಸು, ತೇಗ, ಅಕೇಶಿಯಾ ಇತ್ತು. ಪ್ರಾಣಿಗಳಲ್ಲಿ ಹಸು, ನಾಯಿ, ಬೆಕ್ಕು, ಮಂಗ, ಹಂದಿ. ಅಣಬೆಗೆ ಒಂದೇ ಒಂದು ಸಾಲು: ‘ಅಣಬೆ – ಲಭ್ಯವಿದೆ’.

ಲಭ್ಯವಿದೆಯಂತೆ! ಸೊಸೈಟಿಯಲ್ಲಿ ಸಕ್ಕರೆ ಲಭ್ಯವಿದೆ ಅಂದ ಹಾಗೆ.

ಅದೇ ಊರಿನ ಒಬ್ಬ ಅಜ್ಜಿಯ ಜಗಲಿಯಲ್ಲಿ ಅರ್ಧ ಗಂಟೆ ಕೂತರೆ ಈ ಒಂದು ಸಾಲು ಹತ್ತು ಪುಟ ಆಗುತ್ತದೆ. ಹುತ್ತದ ಮೇಲೆ ಏಳುವುದು ಬೇರೆ, ದರಕಿನ ನಡುವೆ ಏಳುವುದು ಬೇರೆ. ಮೊದಲ ಗುಡುಗಿಗೆ ಬರುವುದು ಯಾವುದು, ಆರಿದ್ರಾ ಮಳೆಗೆ ಬರುವುದು ಯಾವುದು, ಗದ್ದೆ ನೆಟ್ಟಿ ಮುಗಿದ ಮೇಲೆ ಕಾಣುವುದು ಯಾವುದು. ಸತ್ತ ಮಾವಿನ ಮರದ ಮೇಲಿನದನ್ನು ತಿನ್ನಬಹುದು, ಇನ್ನೊಂದು ಮರದ ಮೇಲಿನದನ್ನು ಮುಟ್ಟಬಾರದು. ನೆಲದೊಳಗೆ ಗೋಲಿಯ ಹಾಗೆ ಅಡಗಿರುವ ಕಲ್ಲಣಬೆಯನ್ನು ಒಡೆದಾಗ ಒಳಗೆ ಬೆಳ್ಳಗಿರಬೇಕು, ಕಪ್ಪಾಗಿದ್ದರೆ ಬಿಸಾಡು. ಇದೆಲ್ಲ ಅಜ್ಜಿಗೆ ಬಾಯಿಪಾಠ. ವಹಿ ಬರೆಯಲು ಬಂದವರು ಅವರ ಮನೆಗೆ ಹೋಗಿರಲಿಲ್ಲ.

ಈ ವಹಿಯನ್ನು ಊರವರೇ ಮತ್ತೆ ಬರೆಯಬೇಕು, ಅದೂ ಅಣಬೆಯಿಂದ ಶುರುಮಾಡಿ, ಅದೂ ಬರುವ ಮಳೆಗಾಲದಲ್ಲೇ ಎಂಬುದು ನನ್ನ ವಾದ. ಅಣಬೆಯೇ ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ವಹಿ ಹೀಗೆ ಬಡಕಲಾದದ್ದು ಹೇಗೆ ಎಂಬುದನ್ನು ನೋಡೋಣ.

ಊರಿನ ಜೀವಸಂಪತ್ತನ್ನು ಊರವರೇ ಬರೆದಿಡಬೇಕು ಎಂಬ ವಿಚಾರ ಶುರುವಾದಾಗ ಚೆನ್ನಾಗಿಯೇ ಇತ್ತು. 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಶಾಲೆ-ಕಾಲೇಜಿನ ಮಾಸ್ತರರು, ಮಕ್ಕಳು, ನಾಟಿವೈದ್ಯರನ್ನು ಸೇರಿಸಿಕೊಂಡು ಇಂಥ ದಾಖಲೆ ಮಾಡಿ ತೋರಿಸಿದರು. 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಪ್ರತಿ ಪಂಚಾಯ್ತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಮುಖ್ಯ ಕೆಲಸ ಈ ದಾಖಲಾತಿ ಎಂದು 2004ರ ನಿಯಮ ಹೇಳಿತು. ಆ ನಿಯಮದಂತೆ ಸಮಿತಿಯಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕಿತ್ತು. ನಿಮ್ಮ ಪಂಚಾಯ್ತಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ ನೋಡಿ. ತಾನು ಸದಸ್ಯ ಎಂಬುದು ಗೊತ್ತಿಲ್ಲದ ಸದಸ್ಯರೂ ಸಿಕ್ಕಾರು.

ವರ್ಷಗಟ್ಟಲೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ 31ರೊಳಗೆ ಎಲ್ಲ ಕಡೆ ದಾಖಲಾತಿ ಮುಗಿಯಬೇಕು, ತಪ್ಪಿದರೆ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು. ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯ್ತಿಗಳಿವೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗನ ಹಾಗೆ ಶುರುವಾಯಿತು ಓಟ. ಗಡುವು ಯಾವ ತಿಂಗಳಲ್ಲಿದೆ ಗಮನಿಸಿ. ಅಡಿಕೆ ಕೊಯ್ಲು ನಡೆಯುವ ಚಳಿಗಾಲದಲ್ಲಿ ಬಂದು ಅಣಬೆ ಎಲ್ಲಿ ಎಂದು ಕೇಳಿದರೆ ಯಾವ ಕಾಡು ತೋರಿಸುತ್ತದೆ? ಜನವರಿಯಲ್ಲಿ ಮಳೆಕಾಡನ್ನು ದಾಖಲಿಸುವುದು ಎಂದರೆ ಜಾತ್ರೆ ಮುಗಿದ ಮೇಲೆ ತೇರಿನ ಗದ್ದೆಗೆ ಹೋಗಿ ಜನ ಎಣಿಸಿದಂತೆ.

ಈಗ ಅಣಬೆಯ ಮಾತು.

ನಮ್ಮ ಕಡೆಯ ರೈತರಿಗೆ ‘ಶಿಲೀಂಧ್ರ’ ಎಂಬ ಶಬ್ದ ಕೇಳಿದರೆ ನೆನಪಾಗುವುದು ಅಡಿಕೆಯ ಕೊಳೆ ರೋಗ, ಬೋರ್ಡೋ ದ್ರಾವಣ, ಈಗ ಎಲೆಚುಕ್ಕಿ. ಶಿಲೀಂಧ್ರ ಎಂದರೆ ಶತ್ರು, ಕೊಲ್ಲಬೇಕಾದ್ದು. ತಮಾಷೆ ಏನೆಂದರೆ ಕೊಳೆ ರೋಗ ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರವೇ ಅಲ್ಲ. ಅದು ಪಾಚಿಗಳ ಕಡೆಯ ನೆಂಟ. ಎಲೆಚುಕ್ಕಿಯ ಕೊಲೆಟೋಟ್ರೈಕಮ್ ಮಾತ್ರ ಅಸಲಿ ಶಿಲೀಂಧ್ರ. ಒಬ್ಬಿಬ್ಬರು ಮಾಡಿದ ತಪ್ಪಿಗೆ ಇಡೀ ಕುಲವನ್ನೇ ಬೈಯುವುದು ನಮಗೆ ಅಭ್ಯಾಸ.

ಆದರೆ ಕಾನು ನಿಂತಿರುವುದೇ ಈ ಕುಲದ ಮೇಲೆ. ಬಿದ್ದ ಮರವನ್ನು, ಉದುರಿದ ಎಲೆಯನ್ನು ಮತ್ತೆ ಮಣ್ಣು ಮಾಡುವ ಕೆಲಸದ ದೊಡ್ಡ ಪಾಲು ಶಿಲೀಂಧ್ರಗಳದ್ದು. ಸಾಲುಧೂಪ, ಹೈಗದಂಥ ಮರಗಳ ಬೇರಿನ ತುದಿಗೆ ಕೆಲವು ಶಿಲೀಂಧ್ರಗಳ ಎಳೆ ಸುತ್ತಿಕೊಂಡಿರುತ್ತದೆ. ಅದು ಮಣ್ಣಿನಿಂದ ನೀರು, ರಂಜಕ ಹೀರಿ ಮರಕ್ಕೆ ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಕೊಡು-ಕೊಳ್ಳುವ ವ್ಯವಹಾರ, ನಮ್ಮೂರ ಮುಯ್ಯಾಳಿನ ಹಾಗೆ. ಕರಾವಳಿಯವರು ಮೊದಲ ಮಳೆಗೆ ಕೆದಕಿ ತರುವ ಕಲ್ಲಣಬೆ ಇಂಥದೇ ಜಾತಿ. ಅದರ ನೆಂಟಸ್ತಿಕೆ ಮರದ ಬೇರಿನ ಜೊತೆ. ಮರ ಹೋದರೆ ಅಣಬೆಯೂ ಹೋಯಿತು.

ಹುತ್ತದ ಅಣಬೆಯ ಕತೆ ಇನ್ನೂ ಸೊಗಸು. ತುಳುವಿನಲ್ಲಿ ಅಲಂಬು, ಕೊಡಗಿನಲ್ಲಿ ಕುಮ್ಮು ಎಂದು ಸಾರಿಗೆ ಬೀಳುವ ಅಣಬೆಗಳಲ್ಲಿ ಜನ ಕಾದು ಕೂರುವುದು ಇದಕ್ಕೇ. ಗೆದ್ದಲು ಕಟ್ಟಿಗೆ, ದರಕು ತಿಂದು ಹುತ್ತದೊಳಗೆ ಒಂದು ಗೂಡು ಕಟ್ಟುತ್ತದೆ, ಜೇನಿನ ಎರಿಯ ಹಾಗೆ ತೂತುತೂತು. ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತದೆ. ಗೆದ್ದಲಿಗೆ ತಾನಾಗಿ ಅರಗಿಸಿಕೊಳ್ಳಲಾಗದ ಕಟ್ಟಿಗೆಯ ಗಟ್ಟಿ ಭಾಗವನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಅದನ್ನೇ ಉಣ್ಣುತ್ತದೆ. ಮನುಷ್ಯ ಭತ್ತ ಬಿತ್ತುವುದಕ್ಕಿಂತ ಕೋಟ್ಯಂತರ ವರ್ಷ ಮೊದಲೇ ಶುರುವಾದ ಬೇಸಾಯ ಇದು. ಮಳೆ ಬಿದ್ದಾಗ ಆ ತೋಟದಿಂದ ಉದ್ದದ ಬೇರಿನಂಥ ಕಾಲು ಚಾಚಿ ಅಣಬೆ ಮೇಲೆ ಬರುತ್ತದೆ. ಬಿಳಿ ಅಣಬೆ, ಚಿಪ್ಪಣಬೆಗಳನ್ನು ಶೆಡ್ಡಿನಲ್ಲಿ ಬೆಳೆಸಬಹುದು. ಇದನ್ನು ಹಾಗೆ ಕೃಷಿ ಮಾಡುವುದು ಮನುಷ್ಯನ ಕೈಗೆ ಇನ್ನೂ ಹತ್ತಿಲ್ಲ.

ಎಂದರೆ ಹುತ್ತ ಇದ್ದರೆ ಮಾತ್ರ ಅಣಬೆ. ಇದು ಅಜ್ಜಿಗೆ ಗೊತ್ತಿತ್ತು. ಕತ್ತಿ ತಾಗಿಸಬೇಡ, ಹುತ್ತ ಅಗೆಯಬೇಡ, ಮೊಗ್ಗನ್ನೆಲ್ಲ ಕೀಳಬೇಡ, ನಾಲ್ಕು ಅರಳಲಿಕ್ಕೆ ಬಿಡು ಎಂದು ಹೇಳುತ್ತಿದ್ದರು. ಕಬ್ಬಿಣ ತಾಗಿದರೆ ಮುಂದಿನ ವರ್ಷ ಬರುವುದಿಲ್ಲ ಎಂಬ ಮಾತಿನಲ್ಲಿ ಕಬ್ಬಿಣದ ದೋಷ ಇದೆಯೋ ಇಲ್ಲವೋ, ಗುದ್ದಲಿ ಹಾಕಿದರೆ ಗೆದ್ದಲಿನ ತೋಟ ಹಾಳಾಗುವುದಂತೂ ಖರೆ. ಈಗ ಗದ್ದೆ ಬದುವಿನಲ್ಲಿ, ಬೆಟ್ಟದ ಅಂಚಿನಲ್ಲಿ ಹುತ್ತ ಕಂಡರೆ ಗೆದ್ದಲಿನ ಔಷಧ ಸುರಿಯುವವರಿದ್ದಾರೆ. ಗೆದ್ದಲು ಸಾಯುತ್ತದೆ, ಜೊತೆಗೆ ಅದರ ತೋಟವೂ. ಆಮೇಲೆ ‘ಈಗೆಲ್ಲ ಅಣಬೆ ಏಳೂದೇ ಇಲ್ಲ ಮಾರಾಯ’ ಎಂದು ಚಾ ಅಂಗಡಿಯಲ್ಲಿ ಮಾತು.

ಗೋವಾದಲ್ಲಿ ಈ ಅಣಬೆಗೆ ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ಭಾರಿ ದರ. ಗೋವಾ ವಿಶ್ವವಿದ್ಯಾಲಯದ ನಂದಕುಮಾರ ಕಾಮತ್ ಅವರಂಥ ಅಣಬೆ ತಜ್ಞರು ಇದರ ಮಿತಿಮೀರಿದ ಕೀಳುವಿಕೆಯ ಬಗ್ಗೆ ಎಚ್ಚರಿಸುತ್ತಲೇ ಬಂದಿದ್ದಾರೆ. ಅಭಯಾರಣ್ಯಗಳ ಒಳಗೆ ಕೀಳದಂತೆ ಅಲ್ಲಿಯ ಅರಣ್ಯ ಇಲಾಖೆ ತಡೆ ಹಾಕಿದೆ. ಗಡಿಯಾಚೆಯ ಪೇಟೆ ನಮ್ಮ ಕಾನಿಗೂ ಬರಲು ಬಹಳ ವರ್ಷ ಬೇಡ.

ಬಂದಾಗ ನಮ್ಮ ಕೈಯಲ್ಲಿ ಯಾವ ಕಾಗದ ಇರುತ್ತದೆ? ಅಣಬೆಯನ್ನು ಆರಿಸಿಕೊಳ್ಳಲು ಇದೇ ಕಾರಣ. ಕಾನೂನಿನ ಪುಸ್ತಕದಲ್ಲಿ ಅಣಬೆಗೆ ಸರಿಯಾದ ಮನೆಯೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಎಂದರೆ ಸಸ್ಯಮೂಲದ್ದು ಎನ್ನುತ್ತದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಬೀಡಿ ಎಲೆ, ಔಷಧಿ ಸಸ್ಯ, ಗೆಡ್ಡೆಗೆಣಸು ಎಂದು ಪಟ್ಟಿ ಮಾಡುತ್ತದೆ. ಅಣಬೆಯ ಹೆಸರಿಲ್ಲ. ಜೀವವೈವಿಧ್ಯ ಕಾಯ್ದೆ ಸಸ್ಯ, ಪ್ರಾಣಿ, ಸೂಕ್ಷ್ಮಜೀವಿ ಎನ್ನುತ್ತದೆ. ಅಂಗೈ ಅಗಲದ ಅಣಬೆ ಸೂಕ್ಷ್ಮಜೀವಿಯೇ? ಸಸ್ಯವಂತೂ ಅಲ್ಲ. ಅಣಬೆಗೆ ಹಸಿರಿಲ್ಲ, ಅದು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದಿಲ್ಲ. ಅದರ ಜೀವಕೋಶದ ಗೋಡೆಯಲ್ಲಿರುವುದು ಏಡಿಯ ಚಿಪ್ಪಿನಲ್ಲಿರುವ ಕೈಟಿನ್. ವಂಶಾವಳಿ ಹಿಡಿದು ನೋಡಿದರೆ ಅದು ಗಿಡಕ್ಕಿಂತ ಪ್ರಾಣಿಗೆ ಹತ್ತಿರ. ವಿಜ್ಞಾನದ ಪಠ್ಯದಲ್ಲಿ 1969ರಿಂದಲೇ ಅದಕ್ಕೆ ಬೇರೆ ಸಾಮ್ರಾಜ್ಯ. ಕಾನೂನು ಬರೆಯುವವರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಜಗತ್ತಿನಲ್ಲೂ ಇದೇ ಪಾಡು. ಇದುವರೆಗೆ ಹೆಸರಿಟ್ಟ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ, ಇರಬಹುದಾದವು 22ರಿಂದ 38 ಲಕ್ಷ ಎಂಬ ಅಂದಾಜಿದೆ. ಹೆಸರಿಲ್ಲದ್ದರ ಹಕ್ಕು ಕೇಳುವುದು ಕಷ್ಟ. ಹೆಸರು ಇರುವುದು ಎಲ್ಲಿ? ಅಜ್ಜಿಯ ಬಾಯಲ್ಲಿ.

‘ಇದನ್ನೆಲ್ಲ ಬರೆದು ಏನಾಗಬೇಕು’ ಎಂಬ ಪ್ರಶ್ನೆ ಬರುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಗೊತ್ತಲ್ಲ, ಹೊನ್ನಾವರದ ಹೆದ್ದಾರಿಯಲ್ಲಿ ಹೋಗುವವರೆಲ್ಲ ಅದರ ಪಕ್ಕದಲ್ಲೇ ಹಾದು ಹೋಗಿದ್ದೀರಿ. ಅಲ್ಲಿ ರಾಮಪತ್ರೆ ಜಾತಿಯ ಮರಗಳ ಜಡ್ಡಿ ಇದೆ. ಕೆಸರಿನಲ್ಲಿ ಉಸಿರು ಕಟ್ಟದಿರಲಿ ಎಂದು ಬೇರುಗಳು ಮೊಣಕಾಲು ಮಡಚಿದ ಹಾಗೆ ನೆಲದಿಂದ ಮೇಲೆದ್ದಿರುತ್ತವೆ. ಇಂಥ ಜಡ್ಡಿಗಳು ಹಿಂದೆ ಇನ್ನೂ ಬಹಳ ಕಡೆ ಇದ್ದವು, ನೀರಿರುವ ಜಾಗ ಎಂದು ಅಡಿಕೆ ತೋಟ, ಗದ್ದೆ ಆದವು. ಗೇರಿನ ಕುಟುಂಬದ ಒಂದು ದೊಡ್ಡ ಮರ ಆ ಕತ್ತಲೆಕಾನಿನಲ್ಲಿತ್ತು. ವಿಜ್ಞಾನಕ್ಕೆ ಅದು ಹೊಸ ಜಾತಿ ಎಂದು ಗೊತ್ತಾದದ್ದು 2000ದಲ್ಲಿ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರ ಕಾನಿನ ಹೆಸರನ್ನೇ ಇಟ್ಟರು. ಬಲಿತ ಮರಗಳು ಬೆರಳೆಣಿಕೆಯಷ್ಟು, ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಆ ಕಾನು 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿನೊಳಗೆ ಸೇರಿತು. ಹೆದ್ದಾರಿ ಬದಿಯ ಮರವೇ 2000ದವರೆಗೆ ಲೆಕ್ಕಕ್ಕಿರಲಿಲ್ಲ ಎಂದರೆ, ನಾಲ್ಕು ದಿನ ಇದ್ದು ಕರಗುವ ಅಣಬೆಯನ್ನು ಕೇಳುವವರು ಯಾರು? ನಾಳೆ ಒಂದು ಯೋಜನೆ ಬಂದು, ಅದರ ಪರಿಸರ ವರದಿಯಲ್ಲಿ ‘ಸಾಮಾನ್ಯ ಕಾಡು ಸಸ್ಯಗಳು’ ಎಂದು ಬರೆದಾಗ, ಇಲ್ಲ ಸ್ವಾಮಿ, ಇಲ್ಲಿ ಇದಿದೆ ಎಂದು ಎದುರಿಗಿಡಲು ಪಂಚಾಯ್ತಿಯ ಮೊಹರು ಇರುವ ಕಾಗದ ಬೇಕು.

ಇನ್ನೊಂದು ಕಾರಣ ಜೀವದ ಪ್ರಶ್ನೆ. ವಿಷದ ಅಣಬೆ ಪತ್ತೆಗೆ ಬೆಳ್ಳಿ ಚಮಚ ಹಾಕಿ ನೋಡು, ಬೆಳ್ಳುಳ್ಳಿ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ತಿನ್ನಬಹುದು ಎಂದೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ. ಇವು ಯಾವುವನ್ನೂ ನಂಬಬೇಡಿ. ಅತಿ ಅಪಾಯದ ಅಣಬೆಗಳ ವಿಷ ತಿಂದು ಆರು ಗಂಟೆಯಿಂದ ಒಂದು ದಿನದ ನಡುವೆ ವಾಂತಿ-ಭೇದಿಯಾಗಿ ತೋರುತ್ತದೆ, ನಡುವೆ ಕಡಿಮೆಯಾದಂತೆ ಕಾಣುತ್ತದೆ, ಅಷ್ಟರಲ್ಲಿ ಯಕೃತ್ತು ಹೋಗಿರುತ್ತದೆ. ಬೇಯಿಸಿದರೂ ಆ ವಿಷ ಸಾಯುವುದಿಲ್ಲ. ಸಂಶಯ ಬಂದರೆ ಉಳಿದ ಅಣಬೆಯ ತುಂಡನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಅಜ್ಜಿಯ ಕಾಲದಲ್ಲಿ ರಕ್ಷಣೆ ಇದ್ದದ್ದು ಚಮಚದಲ್ಲಲ್ಲ. ಇದೇ ಹುತ್ತ, ಇದೇ ಮಳೆ, ಇದೇ ಆಕಾರ ಎಂದು ಕಣ್ಣಿಗೆ ಆದ ಐವತ್ತು ವರ್ಷದ ರೂಢಿ ಅದು. ಅದು ಮೊಮ್ಮಗಳಿಗೆ ದಾಟಿಲ್ಲ. ಮೊಮ್ಮಗಳು ಬೆಂಗಳೂರಿನಲ್ಲಿದ್ದಾಳೆ, ರಜೆಗೆ ಬಂದಾಗ ಫೋಟೋ ತೆಗೆಯುತ್ತಾಳೆ.

ಇನ್ನು ವಿರೋಧದ ಮಾತುಗಳು. ಇವನ್ನು ತಳ್ಳಿಹಾಕುವಂತಿಲ್ಲ.

‘ಬರೆದುಕೊಟ್ಟರೆ ಇಲಾಖೆಯವರು ಬಂದು ಬೇಲಿ ಹಾಕುತ್ತಾರೆ’ ಎನ್ನುವವರಿದ್ದಾರೆ. ಕಾಡಂಚಿನಲ್ಲಿ ಬದುಕುವವರಿಗೆ ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಆದರೆ ಬೇಲಿ ಹಾಕುವವರಿಗೆ ನಮ್ಮ ವಹಿ ಬೇಕಾಗಿಲ್ಲ, ಅವರ ಹತ್ತಿರ ನಕ್ಷೆ ಇದೆ. ನಾವು ತಲೆಮಾರುಗಳಿಂದ ಇದನ್ನು ತಂದು ಉಂಡಿದ್ದೇವೆ, ಈ ಕಟ್ಟಳೆ ಇಟ್ಟುಕೊಂಡು ಉಂಡಿದ್ದೇವೆ ಎಂದು ತೋರಿಸುವ ಸಾಕ್ಷಿ ಬೇಕಾಗುವುದು ನಮಗೆ.

‘ಬರೆದರೆ ಕಂಪನಿಯವರು ಬಂದು ದೋಚುತ್ತಾರೆ’ ಎಂಬ ಮಾತು ಇನ್ನೂ ಗಟ್ಟಿ. ಉಪ್ಪಾಗೆಯ ಕತೆ ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ. ಸಾರಿನ ಹುಳಿಗೆ, ಬೀಜದ ತುಪ್ಪಕ್ಕೆ ಮನೆಯಲ್ಲಿ ಬಳಸುತ್ತಿದ್ದ ಹಣ್ಣು. 1990ರ ದಶಕದಲ್ಲಿ ಅದರ ಸಿಪ್ಪೆಯ ಆಮ್ಲ ಬೊಜ್ಜು ಕರಗಿಸುತ್ತದೆ ಎಂದು ಹೊರದೇಶದಲ್ಲಿ ಬೇಡಿಕೆ ಎದ್ದಿತು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂದು ಕಾಯಿ ಬಲಿಯುವ ಮೊದಲೇ ಇಳಿಸಿದರು, ಕೊಂಬೆ ಸಮೇತ ಕಡಿದರು. ಹಣ್ಣಾಗುವುದು ಸುರಿಯುವ ಮಳೆಯಲ್ಲಿ, ಹಾಗಾಗಿ ಸಿಪ್ಪೆ ಒಣಗಿಸಲು ಒಲೆಗೆ ಮತ್ತೆ ಕಾಡಿನದೇ ಕಟ್ಟಿಗೆ. ರಾಮಪತ್ರೆಯನ್ನೂ ಹೀಗೇ ಎಳಸಾಗಿ ಕೊಯ್ದರು, ಮಂಗಟ್ಟೆ ಹಕ್ಕಿಗೆ ಸಿಗಬೇಕಾದ್ದೂ ಚೀಲಕ್ಕೆ ಹೋಯಿತು. ಬೀಜ ದಾಟಿಸುವ ಹಕ್ಕಿಗೆ ಹಣ್ಣು ಸಿಗದಿದ್ದರೆ ಸಸಿ ಎಲ್ಲಿಂದ ಬರಬೇಕು? ಇದಾವುದೂ ಊರಿನ ವಹಿಯಲ್ಲಿ ಬರೆದದ್ದರಿಂದ ಆದದ್ದಲ್ಲ, ಆಗ ವಹಿಯೇ ಇರಲಿಲ್ಲ. ಪೇಟೆ ಬಂದಾಗ ಊರಿಗೆ ‘ಇಷ್ಟು ದಿನ ತಡಿ, ಇಷ್ಟು ಪಾಲು ಮರದಲ್ಲಿ ಬಿಡು’ ಎನ್ನುವ ಅಧಿಕಾರದ ಕಾಗದ ಇರಲಿಲ್ಲ.

2002ರ ಕಾಯ್ದೆಯ 41ನೇ ಕಲಮು ಆ ಕಾಗದ ಕೊಟ್ಟಿತು. ಪಂಚಾಯ್ತಿ ವ್ಯಾಪ್ತಿಯಿಂದ ವ್ಯಾಪಾರಕ್ಕೆ ಒಯ್ಯುವವರಿಂದ ಸಮಿತಿ ಶುಲ್ಕ ಪಡೆಯಬಹುದು, ಮಂಡಳಿಗಳು ನಿರ್ಧಾರ ಮಾಡುವಾಗ ಸಮಿತಿಯನ್ನು ಕೇಳಬೇಕು ಎಂದಿತು. 2018ರ ಡಿಸೆಂಬರ್‌ನಲ್ಲಿ ಉತ್ತರಾಖಂಡ ಹೈಕೋರ್ಟು ದಿವ್ಯಾ ಫಾರ್ಮಸಿ ಪ್ರಕರಣದಲ್ಲಿ ಭಾರತೀಯ ಕಂಪನಿಗಳೂ ಲಾಭದ ಪಾಲು ಕೊಡಬೇಕು ಎಂದು ತೀರ್ಪು ಕೊಟ್ಟಿತು. ಆಮೇಲೆ 2023ರ ತಿದ್ದುಪಡಿ ಬಂದು, ಗ್ರಂಥಗಳಲ್ಲಿ ದಾಖಲಾದ ಸಾಂಪ್ರದಾಯಿಕ ಜ್ಞಾನಕ್ಕೆ, ಬೆಳೆಸಿದ ಔಷಧಿ ಸಸ್ಯಗಳಿಗೆ, ಆಯುಷ್ ವೈದ್ಯರಿಗೆ ರಿಯಾಯಿತಿ ಕೊಟ್ಟಿತು. ಕಂಪನಿಗಳಿಗೆ ಅನುಕೂಲ ಮಾಡಿದ ತಿದ್ದುಪಡಿ ಅದು ಎಂಬುದು ನನ್ನ ಅಭಿಪ್ರಾಯ. ಆದರೂ ಯಾವ ಗ್ರಂಥದಲ್ಲೂ ಇಲ್ಲದ, ಯಾರೂ ಬೆಳೆಸಲಾರದ ವಸ್ತು ಊರ ಕೈಯಲ್ಲಿ ಉಳಿದಿದೆ. ನಮ್ಮ ಹುತ್ತದ ಅಣಬೆ ಮತ್ತು ಅದರ ತಿಳಿವಳಿಕೆ ಆ ಸಾಲಿನದ್ದು.

ಅಪ್ಪೆಮಿಡಿಯನ್ನು ನೋಡಿ. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ ಎಂದು ಮರಮರಕ್ಕೂ ಹೆಸರಿಟ್ಟುಕೊಂಡದ್ದರಿಂದಲೇ ಹೊಳೆದಂಡೆಯ ಒಂದು ಕಾಡುಮಾವಿಗೆ ಕಸಿ, ನರ್ಸರಿ, ಭೌಗೋಳಿಕ ಗುರುತು ಎಲ್ಲ ಬಂತು. ಕೊಂಬೆ ಕಡಿದು ಮಿಡಿ ಇಳಿಸುವವರು ಅಲ್ಲೂ ಇದ್ದಾರೆ, ಆದರೆ ಮರ ಹೋದರೆ ಕೇಳುವವರೂ ಇದ್ದಾರೆ.

ಹಾಗಂತ ಎಲ್ಲವನ್ನೂ ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಹೆಸರು ಬರೆಯಿರಿ. ಯಾವ ಮಳೆಗೆ, ಎಂಥ ನೆಲದಲ್ಲಿ, ಯಾವ ಮರದ ಹತ್ತಿರ, ಹೇಗೆ ಕೀಳಬೇಕು, ಎಷ್ಟು ಬಿಡಬೇಕು, ಯಾವುದು ತಿನ್ನಬಾರದು ಎಂಬುದನ್ನು ಬರೆಯಿರಿ. ಹೇಳಿದವರ ಹೆಸರನ್ನು ಅವರು ಒಪ್ಪಿದರೆ ಮಾತ್ರ ಬರೆಯಿರಿ. ಯಾವ ಹುತ್ತ, ಯಾವ ಮರ ಎಂಬ ಜಾಗ ಬರೆಯಬೇಡಿ. ಫೋನಿನಲ್ಲಿ ಫೋಟೋ ತೆಗೆಯುವಾಗ ಲೊಕೇಶನ್ ಆಫ್ ಮಾಡಿ. ಏಕನಾಯಕನ ಬೇರಿಗೆ, ಅಶೋಕದ ತೊಗಟೆಗೆ ಏನಾಗುತ್ತಿದೆ ಎಂದು ನೋಡಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ-ತಮ್ಮಂದಿರಿಗೂ ಹೇಳದೆ ಅಣಬೆಯ ಜಾಗ ಗುಟ್ಟಾಗಿಟ್ಟ ಹಿರಿಯರ ಜಿಪುಣತನ ಈ ವಿಷಯದಲ್ಲಿ ಒಳ್ಳೆಯದೇ.

ಕೆಲಸ ದೊಡ್ಡದಲ್ಲ. ಮೊದಲು ಪಿಡಿಒ ಅವರ ಹತ್ತಿರ ವಹಿ ಕೇಳಿ ನೋಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿ. ಗ್ರಾಮಸಭೆಯಲ್ಲಿ ‘ದಾಖಲಾತಿ ಪರಿಷ್ಕರಣೆ’ ಎಂದು ವಿಷಯ ಇಡಿಸಿ, ಅಣಬೆಗೆ ಬೇರೆ ಪುಟ ಬೇಕು ಎಂದು ನಡಾವಳಿಯಲ್ಲಿ ಬರೆಸಿ. ಸಸ್ಯದ ಪುಟದ ಕೆಳಗೆ ಸೇರಿಸಿಬಿಡುತ್ತಾರೆ, ಒಪ್ಪಬೇಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನು ಒಂದು ದಿನ ಕರೆಸಿದರೆ ಶಾಸ್ತ್ರೀಯ ಹೆಸರಿನ ಕೆಲಸ ಅವರು ನೋಡಿಕೊಳ್ಳುತ್ತಾರೆ. ಊರ ಹೆಸರಿನ ಕೆಲಸ ಊರಿನದು, ಅದರಲ್ಲೂ ಹೆಂಗಸರದು. ಕಾನಿಗೆ ಹೋಗಿ ದರಕು, ಸೊಪ್ಪು ತಂದವರು ಅವರು, ಗೊತ್ತಿರುವುದೂ ಅವರಿಗೆ. ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸುವುದೂ ಅವರನ್ನೇ.

ನೋಟ್‌ಬುಕ್ ಹಿಡಿದು ರೋಹಿಣಿ ಮಳೆಯಿಂದ ಹುಬ್ಬೆ ಮಳೆಯವರೆಗೆ ಓಡಾಡಬೇಕು. ಜಿಗಣೆಗೆ ಸುಣ್ಣ, ತಂಬಾಕು ಇರಲಿ. ರಾತ್ರಿಯೂ ಒಮ್ಮೆ ಹೋಗಿ, ಟಾರ್ಚ್ ಆರಿಸಿ ಸ್ವಲ್ಪ ಹೊತ್ತು ನಿಲ್ಲಿ. ಕೊಳೆತ ಕೊಂಬೆ ಕೆಲವು ಕಡೆ ತೆಳು ಹಸಿರಾಗಿ ಹೊಳೆಯುತ್ತದೆ, ಅದೂ ಶಿಲೀಂಧ್ರವೇ. ಅದಕ್ಕೆ ನಿಮ್ಮೂರಲ್ಲಿ ಏನು ಹೆಸರಿದೆ ಎಂದು ಮನೆಯ ಹಿರಿಯರನ್ನು ಕೇಳಿ, ಅದನ್ನೂ ಒಂದು ಸಾಲು ಬರೆದುಕೊಳ್ಳಿ.